ಒಂಬತ್ತರ ಲೆಕ್ಕ, ಹದಿನೈದು ದಿನದ ದಾರಿ

ಅಪ್ಪನ ವೀಸಾ ಬಂತು. ಬುಧವಾರ ಬೆಳಿಗ್ಗೆ ತೀರ್ಥಹಳ್ಳಿಯಿಂದ ಫೋನು. ಪಾಸ್‌ಪೋರ್ಟ್ ಕೈಗೆ ಸಿಕ್ಕಿದ ಸುದ್ದಿಯನ್ನು ಒಂದೇ ಮಾತಲ್ಲಿ ಮುಗಿಸಿ ಅಪ್ಪ ಕೇಳಿದ್ದು, "ಬಂಡಿ ಹೆಂಗಿದೆ? ಟ್ಯಾಪೆಟ್ ನೋಡಿದ್ಯಾ?"

ಬಂಡಿ ಅಂದರೆ ನನ್ನ 1971ರ ಎಂಜಿಬಿ ರೋಡ್‌ಸ್ಟರ್, ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು. ಟ್ಯಾಪೆಟ್ ನೋಡುವುದು ಅಂದರೆ ಎಂಜಿನ್ನಿನ ವಾಲ್ವುಗಳ ಸಂದು ಅಳೆದು ಸರಿ ಮಾಡುವುದು. ಬಿಳಿ ಬಣ್ಣ, ಎರಡೇ ಸೀಟು, ಮಡಚುವ ಬಟ್ಟೆಯ ಮಾಡು, ತಂತಿಕಡ್ಡಿಯ ಚಕ್ರ. ಆರು ವರ್ಷದ ಹಿಂದೆ ಪಕ್ಕದ ಹಳ್ಳಿಯ ಒಬ್ಬ ಅಜ್ಜನಿಂದ ಕೊಂಡೆ. ಮಂಡಿನೋವಿಗೆ ಅವರಿಗೆ ಅದರೊಳಗೆ ಇಳಿದು ಕೂರಲು ಆಗುತ್ತಿರಲಿಲ್ಲ. ಬರುವ ಮೇ ತಿಂಗಳಲ್ಲಿ ಈ ಬಂಡಿಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ, ಇಂಗ್ಲೆಂಡಿನ ಆಬಿಂಗ್ಡನ್‌ನ ನಮ್ಮ ಮನೆಯಿಂದ ಹೊರಟು ಸ್ಕಾಟ್ಲೆಂಡಿನ ಉತ್ತರದ ಕರಾವಳಿಯನ್ನು ಪೂರ್ತಿ ಒಂದು ಸುತ್ತು ಹಾಕಿ ಬರಬೇಕು. ಎರಡು ವರ್ಷದಿಂದ ಇದನ್ನು ಮನಸ್ಸಲ್ಲಿಟ್ಟುಕೊಂಡಿದ್ದೇನೆ. ಈಗ ವೀಸಾ ಬಂದ ಮೇಲೆ ಮಾತು ನಿಜವಾಯಿತು.

ಅಪ್ಪನಿಗೆ ಈಗ 74. ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ 31 ವರ್ಷ ಅಂಬಾಸಡರ್ ಟ್ಯಾಕ್ಸಿ ಓಡಿಸಿದವರು. ಮೊದಲ ಬಂಡಿ ಮಾರ್ಕ್ 3, ಪೆಟ್ರೋಲಿನದು, 1983ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಾನು ಹುಟ್ಟಿದ್ದು ಆಮೇಲೆ. ನನಗೆ ಅಕ್ಷರ ಬರುವ ಮೊದಲು ಸ್ಪ್ಯಾನರ್ ನಂಬರು ಬರುತ್ತಿತ್ತು ಅಂತ ಅಮ್ಮ ಈಗಲೂ ಹೇಳುತ್ತಾಳೆ.

ನಾನು ಈ ಎಂಜಿಬಿ ಕೊಂಡ ದಿನ ಬಾನೆಟ್ ಎತ್ತಿ ವಿಡಿಯೋ ಕಾಲಲ್ಲಿ ಅಪ್ಪನಿಗೆ ತೋರಿಸಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಎಂಥ ಮಾರಾಯ್ತಿ, ಇದು ನಮ್ಮ ಎಂಜಿನ್ನೇ ಅಲ್ವನೇ?" ಅಂದರು. ಅವರಿಗೆ ಯಾರೂ ಹೇಳಿರಲಿಲ್ಲ, ಕಣ್ಣಲ್ಲೇ ಹಿಡಿದರು. ಅದು ನಿಜ. ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್, ಎಂಜಿಬಿಯ 1798 ಸಿಸಿ ಎಂಜಿನ್ ಎರಡೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ-ಸೀರೀಸ್ ಕುಟುಂಬದವು. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಎರಡರಲ್ಲೂ ಒಂದೇ, 88.9 ಮಿ.ಮೀ. ಬೋರನ್ನು, ಅಂದರೆ ಸಿಲಿಂಡರಿನ ಬಾಯಿಯನ್ನು, 73ರಿಂದ 80 ಮಿ.ಮೀ. ಚಿಲ್ಲರೆಗೆ ಅಗಲ ಮಾಡಿದ್ದಾರೆ, ಕಾರ್ಬ್ಯುರೇಟರ್ ಒಂದಿದ್ದದ್ದು ಎರಡಾಗಿದೆ. ಅಂಬಾಸಡರ್ ಅನ್ನುವುದು ಆಕ್ಸ್‌ಫರ್ಡ್ ಪಕ್ಕದ ಕೌಲಿಯಲ್ಲಿ ತಯಾರಾಗುತ್ತಿದ್ದ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಎಂಜಿಬಿ ತಯಾರಾಗುತ್ತಿದ್ದದ್ದು ಅಲ್ಲಿಂದ ಹತ್ತು ಕಿಲೋಮೀಟರ್ ಆಚೆಈಚೆ ಇರುವ ನಮ್ಮ ಆಬಿಂಗ್ಡನ್‌ನಲ್ಲಿ. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ನಾನು ರೇಡಿಯೋಗ್ರಾಫರ್ ಕೆಲಸಕ್ಕೆ ಅಂತ ಈ ಊರಿಗೆ ಬಂದವಳು. ಅಪ್ಪನ ಬಂಡಿಯ ಬೇರು ಇದೇ ಮಣ್ಣಲ್ಲಿದೆ ಅಂತ ಬಂದ ಮೇಲೆ ತಿಳಿಯಿತು.

ಹಾಗಾಗಿ ಈ ಪ್ರಯಾಣ ಬೇರೆ ಯಾವ ಕಾರಿನಲ್ಲೂ ಆಗಬಾರದು ಅನ್ನುವುದು ನನ್ನ ಹಟ. ನಮ್ಮ ಮನೆಯಲ್ಲಿ ಐದು ಸೀಟಿನ, ಬಿಸಿಗಾಳಿ ಸರಿಯಾಗಿ ಬರುವ ಹೊಸ ಕಾರು ಇದೆ. ಅದರಲ್ಲಿ ಹೋದರೆ ಅಪ್ಪ ಕಿಟಕಿಯಿಂದ ಊರು ನೋಡುತ್ತಾರೆ, ಅಷ್ಟೇ. ಇದರಲ್ಲಿ ಕೂತರೆ ಮುಂದಿನ ಏರಿಗೆ ಯಾವ ಗೇರು ಅಂತ ಅವರೂ ಯೋಚಿಸುತ್ತಾರೆ.

ದಾರಿಯ ಬಗ್ಗೆ ಎರಡು ಮಾತು. ಇನ್ವರ್ನೆಸ್ ಕೋಟೆಯಿಂದ ಹೊರಟು ಪಶ್ಚಿಮಕ್ಕೆ ಆ್ಯಪಲ್‌ಕ್ರಾಸ್, ಅಲ್ಲಿಂದ ಸಮುದ್ರ ಹಿಡಿದು ಮೇಲಕ್ಕೆ ಅಲ್ಲಾಪೂಲ್, ಡರ್ನೆಸ್, ಅಲ್ಲಿಂದ ಉತ್ತರದ ಅಂಚಿನಲ್ಲೇ ಥರ್ಸೋ, ಜಾನ್ ಓ ಗ್ರೋಟ್ಸ್, ಮತ್ತೆ ಕೆಳಗಿಳಿದು ವಿಕ್ ಮೇಲೆ ಇನ್ವರ್ನೆಸ್. ಒಟ್ಟು 516 ಮೈಲಿ, ಅಂದರೆ 830 ಕಿಲೋಮೀಟರ್. ರಸ್ತೆಗಳು ಹಳೆಯವೇ. 2015ರಲ್ಲಿ ಅವನ್ನೆಲ್ಲ ಪೋಣಿಸಿ 'ನಾರ್ತ್ ಕೋಸ್ಟ್ 500' ಅಂತ ಹೆಸರಿಟ್ಟರು. ಆಮೇಲೆ ಜನ ಮುಗಿಬಿದ್ದರು. ಮೂರು ದಿನದಲ್ಲಿ ಸುತ್ತು ಮುಗಿಸಿದೆವು ಅಂತ ಹೇಳಿಕೊಳ್ಳುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅಲ್ಲಿ ಬಹಳಷ್ಟು ಕಡೆ ಒಂದೇ ಗಾಡಿ ಹೋಗುವ ರಸ್ತೆ. ಅದೇ ರಸ್ತೆಯಲ್ಲಿ ಶಾಲೆಯ ವ್ಯಾನು, ಕುರಿ ಸಾಕುವವರ ಟ್ರೇಲರು, ಆ್ಯಂಬುಲೆನ್ಸು ಎಲ್ಲ ಓಡಾಡಬೇಕು. ಆ ಊರಿನವರ ನಿತ್ಯದ ದಾರಿಯನ್ನು ರೇಸಿನ ಕಣ ಮಾಡಲು ನಮಗೆ ಯಾವ ಹಕ್ಕೂ ಇಲ್ಲ.

ಮೊದಲು ನಾನೂ ಎಲ್ಲರ ಹಾಗೆ ನೋಡುವ ಜಾಗಗಳ ಪಟ್ಟಿ ಹಿಡಿದು ಕೂತಿದ್ದೆ. ಯಾವ ಬೀಚು, ಯಾವ ಕೋಟೆ, ಎಲ್ಲಿ ಸೂರ್ಯಾಸ್ತ. ಪಟ್ಟಿ ಓದಿ ಹೇಳಿದಾಗ ಅಪ್ಪ ಕೇಳಿದ್ದು ಮೂರೇ ಪ್ರಶ್ನೆ: ಪೆಟ್ರೋಲು ಎಲ್ಲಿ, ಏರು ಎಲ್ಲಿ, ರಾತ್ರಿ ಎಲ್ಲಿ. ಆ ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪಟ್ಟಿ ಬದಿಗಿಟ್ಟು, ಈ ಮೂರನ್ನೇ ಮೂರು ಬಣ್ಣದ ಪೆನ್ಸಿಲಿನಲ್ಲಿ ಕಾಗದದ ನಕ್ಷೆಯ ಮೇಲೆ ಗುರುತು ಮಾಡಲು ಶುರುಮಾಡಿದೆ. ಐವತ್ತು ವರ್ಷ ದಾಟಿದ ಬಂಡಿಯ ಪ್ರಯಾಣಕ್ಕೆ ಇದೊಂದೇ ಸರಿಯಾದ ಕ್ರಮ ಅಂತ ಈಗ ನನಗೆ ಖಾತ್ರಿಯಾಗಿದೆ. ನೋಡುವ ಜಾಗಗಳು ತಾವಾಗಿಯೇ ನಡುವೆ ಬಂದು ಕೂರುತ್ತವೆ.

ಪೆಟ್ರೋಲಿನಿಂದ ಶುರು ಮಾಡುತ್ತೇನೆ. ಟ್ಯಾಂಕು 54 ಲೀಟರಿನದು. ಲೀಟರಿಗೆ ಒಂಬತ್ತರಿಂದ ಹತ್ತು ಕಿಲೋಮೀಟರ್ ಕೊಡುತ್ತದೆ. ಲೆಕ್ಕದಲ್ಲಿ ಐನೂರು ಹೋಗಬಹುದು, ಆದರೆ ಹಳೆಯ ಗೇಜಿನ ಮುಳ್ಳು ತಿರುವಿನಲ್ಲಿ ಒಂದು ಹೇಳುತ್ತದೆ, ನೇರದಲ್ಲಿ ಇನ್ನೊಂದು. ಅದಕ್ಕೇ ಅರ್ಧ ಟ್ಯಾಂಕು ಆದಲ್ಲೇ ತುಂಬಿಸುವುದು ಅಂತ ನಿಯಮ ಮಾಡಿಕೊಂಡೆ. ಅಲ್ಲಾಪೂಲ್ ದಾಟಿದ ಮೇಲೆ ಬಂಕುಗಳು ದೂರ ದೂರ. ಕೆಲವು ಕಡೆ ಅಂಗಡಿಯ ಮುಂದೆ ಒಂದೇ ಪಂಪು.

ಎಷ್ಟು ಸಿಗುತ್ತದೆ ಅನ್ನುವುದಕ್ಕಿಂತ ಯಾವುದು ಸಿಗುತ್ತದೆ ಅನ್ನುವುದು ಹೆಚ್ಚಿನ ಚಿಂತೆ. 2021ರ ಸೆಪ್ಟೆಂಬರಿನಿಂದ ಇಲ್ಲಿ ಮಾಮೂಲಿ ಪೆಟ್ರೋಲು ಅಂದರೆ ಇ10, ನೂರಕ್ಕೆ ಹತ್ತರವರೆಗೆ ಎಥನಾಲ್. ನಮ್ಮ ಊರಲ್ಲಿ ಅದು ಈಗ ಇಪ್ಪತ್ತಕ್ಕೆ ಏರಿದೆ, ಸ್ಟ್ಯಾಂಡಿನಲ್ಲಿ ದಿನಾ ಅದೇ ಮಾತು ಅಂತ ಅಪ್ಪ ಹೇಳುತ್ತಿದ್ದರು. ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಒಳಗಿನಿಂದ ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ, ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಹಳೆಯ ಬಂಡಿಗೆ ಇ5, ಅಂದರೆ ಎಥನಾಲ್ ನೂರಕ್ಕೆ ಐದನ್ನು ಮೀರದ ಸೂಪರ್ ಬೇಕು. ದೊಡ್ಡ ಊರಲ್ಲಿ ಅದಕ್ಕೆ ತೊಂದರೆಯಿಲ್ಲ. ಹೈಲ್ಯಾಂಡ್ಸ್‌ನ ಒಂಟಿ ಪಂಪಿನಲ್ಲಿ ಏನಿದೆಯೋ ಅದನ್ನೇ ಹಾಕಿಸಬೇಕು. ಅದಕ್ಕೆ ಎರಡು ಏರ್ಪಾಡು ಮಾಡಿದ್ದೇನೆ. ಎಥನಾಲ್ ತಡೆಯುವ ಹೊಸ ಪೈಪುಗಳನ್ನು ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ ಹಾಕಿಸಿಯಾಯಿತು. ಪೆಟ್ರೋಲಿಗೆ ಬೆರೆಸುವ ಔಷಧಿಯ ಒಂದು ಬಾಟಲಿ ಡಿಕ್ಕಿಯಲ್ಲಿ ಇರುತ್ತದೆ. ಸೀಸದ ಪೆಟ್ರೋಲು ನಿಂತದ್ದು 2000ದಲ್ಲಿ. ಸೀಸವಿಲ್ಲದಿದ್ದರೆ ಹಳೆಯ ಎಂಜಿನ್ನಿನ ವಾಲ್ವ್ ಸೀಟು ಸವೆಯುತ್ತದೆ. ಆ ಕಾಟಕ್ಕೆ ಹಿಂದಿನ ಮಾಲೀಕರೇ ಗಟ್ಟಿ ವಾಲ್ವ್ ಸೀಟು ಹಾಕಿಸಿ ಪರಿಹಾರ ಮಾಡಿಟ್ಟಿದ್ದರು.

ಪೆಟ್ರೋಲಿನ ಮಾತು ಬಂದಾಗ ಹೋದ ಸೆಪ್ಟೆಂಬರಿನ ಕತೆ ಹೇಳಲೇಬೇಕು. ಈ ಪ್ರಯಾಣಕ್ಕೆ ಪರೀಕ್ಷೆ ಅಂತ ಒಬ್ಬಳೇ ವೇಲ್ಸಿನ ಬ್ರೆಕನ್ ಬೆಟ್ಟಗಳ ಕಡೆಗೆ ಹೋಗಿದ್ದೆ. ಬಂಡಿಯ ಕೀಲಿ ತಿರುಗಿಸಿದರೆ ಹಿಂದಿನಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು ಬರುತ್ತದೆ. ಅದು ಎಸ್‌ಯು ಕಂಪನಿಯ ಕರೆಂಟಿನ ಪೆಟ್ರೋಲ್ ಪಂಪು. ಕಾರ್ಬ್ಯುರೇಟರಿನ ಬಟ್ಟಲು ತುಂಬಿದ ಮೇಲೆ ಸದ್ದು ನಿಧಾನವಾಗಿ ನಿಲ್ಲುತ್ತದೆ. ಅವತ್ತು ಏರಿನ ಮಧ್ಯೆ ಎಂಜಿನ್ ಎರಡು ಸಲ ಮುಗ್ಗರಿಸಿ ನಿಂತಿತು. ಕೀಲಿ ತಿರುಗಿಸಿದರೆ ಟಿಕ್ ಇಲ್ಲ. ಸಣ್ಣ ಮಳೆ, ಮೊಬೈಲಿಗೆ ಸಿಗ್ನಲ್ ಇಲ್ಲ. ಬಲಗಡೆ ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೆನ್ನು ಕೊಟ್ಟು ಮಲಗಿ, ಚಕ್ರದ ನಟ್ಟು ಬಿಚ್ಚುವ ತಾಮ್ರದ ಸುತ್ತಿಗೆಯ ಹಿಡಿಯಿಂದ ಪಂಪನ್ನು ಮೆಲ್ಲಗೆ ಎರಡು ಏಟು ಕೊಟ್ಟೆ. ಟಿಕ್ ಅಂತು. ಮನೆಗೆ ಬರುವ ತನಕ ಅದೇ ಸದ್ದಿಗೆ ಕಿವಿ ಕೊಟ್ಟು ಓಡಿಸಿದೆ. ಬಿಚ್ಚಿ ನೋಡಿದರೆ ಒಳಗಿನ ಪಾಯಿಂಟ್ಸ್, ಅಂದರೆ ಕರೆಂಟು ಕೂಡಿಸಿ ಬಿಡಿಸುವ ತುದಿಗಳು, ಸುಟ್ಟು ಕಪ್ಪಾಗಿದ್ದವು. ಈಗ ಪಾಯಿಂಟ್ಸೇ ಇಲ್ಲದ ಎಲೆಕ್ಟ್ರಾನಿಕ್ ಪಂಪು ಹಾಕಿದ್ದೇನೆ. ಹಳೆಯದನ್ನು ರಿಪೇರಿ ಮಾಡಿ ಸ್ಪೇರ್ ಅಂತ ಚೀಲದಲ್ಲಿ ಇಟ್ಟಾಗಿದೆ.

ಇನ್ನು ಏರು. ಇದರ ಬಗ್ಗೆ ಅಪ್ಪನೂ ನಾನೂ ಒಂದು ತಿಂಗಳು ಮಾತಾಡಿದ್ದೇವೆ.

ಆ್ಯಪಲ್‌ಕ್ರಾಸ್‌ಗೆ ಹೋಗುವ ಘಾಟಿಯ ಹೆಸರು ಬ್ಯಾಲಖ್ ನ ಬಾ. ಗೇಲಿಕ್ ಭಾಷೆಯಲ್ಲಿ ದನಗಳ ಕಣಿವೆದಾರಿ ಅಂತ ಅರ್ಥ. ಹಿಂದೆ ದನಗಳನ್ನು ಹೊಡೆದುಕೊಂಡು ಸಂತೆಗೆ ಹೋಗುತ್ತಿದ್ದ ದಾರಿ. 1822ರಲ್ಲಿ ರಸ್ತೆಯಾಯಿತು. 1970ರ ದಶಕದಲ್ಲಿ ಕರಾವಳಿಯ ರಸ್ತೆ ಆಗುವ ತನಕ ಆ್ಯಪಲ್‌ಕ್ರಾಸ್‌ನವರಿಗೆ ಹೊರಜಗತ್ತಿಗೆ ಇದೊಂದೇ ರಸ್ತೆ. ಸಮುದ್ರಮಟ್ಟದಿಂದ ಹೊರಟು 626 ಮೀಟರಿಗೆ ಏರುತ್ತದೆ. ಏರು ಐದಕ್ಕೆ ಒಂದು. ಬುಡದಲ್ಲಿ ದೊಡ್ಡ ಬೋರ್ಡಿದೆ: ಕಲಿಯುವವರು, ತೀರಾ ದೊಡ್ಡ ಗಾಡಿಗಳು, ಕ್ಯಾರವಾನ್‌ಗಳು ಬೇಡ. ಕೊನೆಗೆ ಮೇಲಿನ ಕಡೆ ಬೆಟ್ಟದ ಗೋಡೆಗೆ ಒರಗಿಕೊಂಡ ಹೇರ್‌ಪಿನ್ನುಗಳು.

ನಾನು ಇದನ್ನು ಹೇಳುವಾಗ ಅಪ್ಪ ಆಗುಂಬೆಯನ್ನು ನೋಡುತ್ತಿದ್ದರು ಅಂತ ನನಗೆ ಗೊತ್ತು. ಅದೂ ಆರುನೂರು ಮೀಟರ್ ಮೇಲಿನ ಊರು. ಕೆಳಗಿನ ಸೋಮೇಶ್ವರಕ್ಕೆ ಹದಿನಾಲ್ಕು ಹೇರ್‌ಪಿನ್ ತಿರುವು. ಮಣಿಪಾಲದ ಆಸ್ಪತ್ರೆಗೆ ರೋಗಿಗಳನ್ನು ಕರೆದುಕೊಂಡು ರಾತ್ರಿ ಎರಡು ಗಂಟೆಗೆ, ಜುಲೈ ಮಳೆಯಲ್ಲಿ, ಮಂಜಿನಲ್ಲಿ ಆ ಘಾಟಿಯನ್ನು ಅಪ್ಪ ಎಷ್ಟು ಸಲ ಇಳಿದಿದ್ದಾರೋ ಲೆಕ್ಕ ಇಟ್ಟವರಿಲ್ಲ. ಶಾಲೆಗೆ ರಜೆ ಇದ್ದಾಗ ಮುಂದಿನ ಸೀಟಿನಲ್ಲಿ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಸೋಮೇಶ್ವರದಲ್ಲಿ ಬಂಡಿ ನಿಲ್ಲಿಸಿ ಇಳಿದು, ಒಂದೊಂದು ಚಕ್ರದ ಹತ್ತಿರವೂ ಅಂಗೈ ಒಯ್ಯುವರು. ಮುಟ್ಟುತ್ತಿರಲಿಲ್ಲ. ಬೆಂಕಿಗೆ ಕೈ ಕಾಯಿಸುವವರ ಹಾಗೆ ಒಂದು ಗೇಣು ದೂರದಲ್ಲಿ ಹಿಡಿದು ಡ್ರಮ್ ಎಷ್ಟು ಕಾದಿದೆ ಅಂತ ತಿಳಿಯುವರು. ಅಂಬಾಸಡರ್‌ಗೆ ನಾಲ್ಕೂ ಡ್ರಮ್ ಬ್ರೇಕು. ಕಾದರೆ ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ. ಹತ್ತುವ ಗೇರಿನಲ್ಲೇ ಇಳೀಬೇಕು ಅನ್ನುವುದು ಅವರು ನನಗೆ ಕಲಿಸಿದ ಮೊದಲ ಪಾಠ.

ಎಂಜಿಬಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಅಷ್ಟು ಭಯ ಬೇಡ. ಆದರೂ ಅಪ್ಪನ ಮಾತಿನ ಮೇಲೆ ಸುತ್ತಿನ ದಿಕ್ಕನ್ನು ತೀರ್ಮಾನ ಮಾಡಿದೆ. ಇನ್ವರ್ನೆಸ್‌ನಿಂದ ಮೊದಲು ಪಶ್ಚಿಮಕ್ಕೆ ಹೋದರೆ ಹೇರ್‌ಪಿನ್ ಇರುವ ಕಡಿದಾದ ಬದಿ ನಮಗೆ ಏರು, ಆ್ಯಪಲ್‌ಕ್ರಾಸ್ ಕಡೆಯ ಸುಮಾರಾದ ಬದಿ ಇಳಿಜಾರು. ತಿರುಗುಮುರುಗಾಗಿ ಹೋದರೆ ಕಡಿದಾದ ಬದಿಯನ್ನು ಇಳಿಯಬೇಕು. ಏರುವಾಗ ಕಾಯುವುದು ಎಂಜಿನ್, ಅದಕ್ಕೆ ಉಪಾಯವಿದೆ. ಹೀಟರ್ ಪೂರ್ತಿ ತೆರೆದರೆ ಅದೇ ಇನ್ನೊಂದು ರೇಡಿಯೇಟರ್ ಆಗಿ ಬಿಸಿಯನ್ನು ಹೊರಗೆಳೆಯುತ್ತದೆ. ಕಾಲು ಸುಡುತ್ತದೆ, ಬಂಡಿ ಉಳಿಯುತ್ತದೆ. ಅಂಬಾಸಡರ್‌ನಲ್ಲಿ ಹೀಟರ್ ಎಲ್ಲಿತ್ತು ಅಂತ ಕೇಳಿದರೆ, ಊಟಿ ಟ್ರಿಪ್ಪಿಗೆ ಹೋದಾಗ ಇನ್ನೊಬ್ಬ ಡ್ರೈವರ್ ಬಂಡಿಯಲ್ಲಿ ನೋಡಿ ಕಲಿತದ್ದು ಅಂದರು.

ಇನ್ನೊಂದು ವಿಷಯಕ್ಕೆ ನನಗೆ ಬಹಳ ಖುಷಿಯಾಯಿತು. ಇಲ್ಲಿನ ರಸ್ತೆ ನಿಯಮದ ಪುಸ್ತಕ ಹೈವೇ ಕೋಡ್, ಒಂಟಿದಾರಿಯಲ್ಲಿ ಏರುತ್ತಾ ಬರುವ ಗಾಡಿಗೆ ಆದಷ್ಟೂ ದಾರಿ ಬಿಡಿ ಅನ್ನುತ್ತದೆ. ಘಾಟಿಯಲ್ಲಿ ಅಪ್ಪ ಜೀವಮಾನವಿಡೀ ಪಾಲಿಸಿದ್ದು ಅದನ್ನೇ. ಅಲ್ಲಲ್ಲಿ ರಸ್ತೆ ಸ್ವಲ್ಪ ಅಗಲವಾಗಿರುವ 'ಪಾಸಿಂಗ್ ಪ್ಲೇಸ್' ಇರುತ್ತದೆ. ನಮ್ಮ ಎಡಕ್ಕಿದ್ದರೆ ಒಳಗೆ ಸರಿದು ನಿಲ್ಲಬೇಕು, ಬಲಕ್ಕಿದ್ದರೆ ಅದರ ಎದುರು ನಮ್ಮ ಬದಿಯಲ್ಲೇ ನಿಂತು ಕಾಯಬೇಕು. ಹಿಂದಿನಿಂದ ಬರುವವರಿಗೆ ಅವಸರವಿದ್ದರೆ ಅವರಿಗೂ ಬಿಟ್ಟುಕೊಡಬೇಕು. ಫೋಟೋ ತೆಗೆಯಲು ಅಂತ ಅಲ್ಲಿ ಬಂಡಿ ನಿಲ್ಲಿಸಬಾರದು. ದಾರಿ ಬಿಟ್ಟವರಿಗೆ ಕೈ ಎತ್ತಬೇಕು. "ಕೈ ಎತ್ತೋದು ನನ್ನ ಕೆಲ್ಸ" ಅಂತ ಅಪ್ಪ ಈಗಲೇ ಹೇಳಿಯಾಗಿದೆ.

ಮೂರನೆಯದು ರಾತ್ರಿ. ಆಬಿಂಗ್ಡನ್‌ನಿಂದ ಇನ್ವರ್ನೆಸ್‌ಗೇ ಸುಮಾರು 850 ಕಿಲೋಮೀಟರ್, ಅಂದರೆ ಸುತ್ತಿನಷ್ಟೇ ದೂರ. ಅದನ್ನು ಮೂರು ದಿನಕ್ಕೆ ಹಂಚಿದ್ದೇನೆ. ಮೊದಲ ದಿನ ಪೆನ್ರಿತ್, ಎರಡನೇ ದಿನ ಬ್ಲೇರ್‌ಗೌರಿ. ಮೋಟರ್‌ವೇಯಲ್ಲಿ ಓವರ್‌ಡ್ರೈವ್ ಅನ್ನುವ ಹೆಚ್ಚಿನ ಗೇರು ಹಾಕಿ ಗಂಟೆಗೆ ಅರವತ್ತು ಮೈಲಿಯ ಹದದಲ್ಲಿ ಹೋದರೆ ಎಂಜಿನ್ನಿಗೆ ಆಯಾಸವಿಲ್ಲ, ಆದರೆ ಬಟ್ಟೆ ಮಾಡಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ನಿಜವಾದ ದಾರಿ ಶುರುವಾಗುವುದು ಮೂರನೇ ದಿನ. ಬ್ಲೇರ್‌ಗೌರಿಯಿಂದ ಎ93 ಹಿಡಿದು ಗ್ಲೆನ್‌ಶೀ ಮೇಲೆ ಕೇರ್ನ್‌ವೆಲ್ ಕಣಿವೆ. 670 ಮೀಟರ್, ಬ್ರಿಟನ್ನಿನ ಮುಖ್ಯರಸ್ತೆಗಳಲ್ಲಿ ಅತಿ ಎತ್ತರದ್ದು. ಬ್ರೇಮಾರ್ ದಾಟಿ ಎ939ರಲ್ಲಿ ಲೆಕ್ಟ್ ಏರು, ಟೊಮಿನ್‌ಟೌಲ್, ಆಮೇಲೆ ಇನ್ವರ್ನೆಸ್. ನಾಲ್ಕನೇ ದಿನ ಬಂಡಿಗೂ ನಮಗೂ ವಿಶ್ರಾಂತಿ.

ಕರಾವಳಿ ಸುತ್ತಲು ಏಳು ದಿನ, ಜೊತೆಗೆ ಮಳೆಗೆ ಅಂತ ಒಂದು ದಿನ ಹೆಚ್ಚಿಗೆ. ದಿನಕ್ಕೆ ಹೆಚ್ಚೆಂದರೆ 165 ಕಿಲೋಮೀಟರ್, ಕಡಿಮೆ ಅಂದರೆ ಎಪ್ಪತ್ತು. ರಾತ್ರಿ ಉಳಿಯುವುದು ಆ್ಯಪಲ್‌ಕ್ರಾಸ್, ಗೇರ್‌ಲಾಖ್, ಅಲ್ಲಾಪೂಲ್, ಸ್ಕೌರಿ, ಟಂಗ್, ವಿಕ್. ವಾಪಸ್ ಬರಲು ಮತ್ತೆ ಮೂರು ದಿನ. ಒಟ್ಟು ಹದಿನೈದು. ಅಷ್ಟು ರಜೆಗೆ ಆಸ್ಪತ್ರೆಯಲ್ಲಿ ಜನವರಿಯಲ್ಲೇ ಬರೆದು ಕೊಟ್ಟೆ. ಡ್ರಂಬೆಗ್ ಕಡೆಯ ಬಿ869 ರಸ್ತೆ ಬಹಳ ಚಂದ ಅನ್ನುತ್ತಾರೆ. ನಾಲ್ಕಕ್ಕೆ ಒಂದರ ಏರು, ಕುರುಡು ತಿರುವು. ಅದನ್ನು ಬಿಟ್ಟಿದ್ದೇನೆ.

ಮೇ ತಿಂಗಳೇ ಯಾಕೆ ಅಂದರೆ, ಪಶ್ಚಿಮ ಹೈಲ್ಯಾಂಡ್ಸ್‌ಗೆ ವರ್ಷದಲ್ಲಿ ಸ್ವಲ್ಪ ಮಳೆ ಕಡಿಮೆ ಇರುವ ಹೊತ್ತು ಅದು. ಸಂಜೆ ಒಂಬತ್ತರ ಮೇಲೂ ಬೆಳಕು. ಮತ್ತೆ ಮಿಜ್ ಅನ್ನುವ ಸಣ್ಣ ಕಚ್ಚುವ ನುಸಿ ಜೂನ್‌ನಲ್ಲಿ ಎದ್ದರೆ ಮಾಡು ತೆರೆದು ಬಂಡಿ ನಿಲ್ಲಿಸಲು ಬಿಡುವುದಿಲ್ಲ. ಇಂಬಳ ಕಚ್ಚಿಸಿಕೊಂಡು ಬೆಳೆದವರಿಗೆ ನುಸಿ ಎಂಥದು ಅಂತ ಅಪ್ಪ ಅಂದರು. ನಾನು ಒಪ್ಪಲಿಲ್ಲ. ಇಂಬಳ ಒಂದೊಂದೇ ಹತ್ತುತ್ತದೆ, ಇವು ಮೋಡದ ಹಾಗೆ ಬರುತ್ತವೆ.

ನಕ್ಷೆಯಲ್ಲಿ ನಾನು ನಾಲ್ಕನೇ ಬಣ್ಣದಿಂದ ಗುರುತು ಮಾಡಿದ ಜಾಗಗಳೂ ಇವೆ. ಒಂದು, ಟಂಗ್ ಹತ್ತಿರ ಸಮುದ್ರದ ತೋಳಿಗೆ ಅಡ್ಡಲಾಗಿ ಕಟ್ಟಿದ ಏರಿದಾರಿ. ಅದು ಆದದ್ದು 1971ರಲ್ಲಿ, ನನ್ನ ಬಂಡಿಯ ಓರಗೆ. ಇನ್ನೊಂದು, ಸ್ಕೌರಿ ಸುತ್ತಲಿನ ಬಂಡೆ. ಅಲ್ಲಿಯದು ಲೂಯಿಸಿಯನ್ ನೈಸ್ ಅನ್ನುವ ಪಟ್ಟೆಪಟ್ಟೆಯ ಶಿಲೆ, ಬ್ರಿಟನ್ನಿನ ಅತ್ಯಂತ ಹಳೆಯ ಕಲ್ಲು. ಅದರಲ್ಲಿ ಕೆಲವು ಭಾಗ 300 ಕೋಟಿ ವರ್ಷದ್ದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ನೈಸ್, ಅದರ ವಯಸ್ಸೂ ಅಷ್ಟೇ. ಓದುವಾಗ ಲಾಲ್‌ಬಾಗ್ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿಂದ ಸಂಜೆಗಳು ನೆನಪಿವೆ. ಸ್ಕೌರಿಯಲ್ಲಿ ಅಪ್ಪನನ್ನು ಬಂಡೆಯ ಮೇಲೆ ಕೂರಿಸಿ ಫ್ಲಾಸ್ಕಿನ ಕಾಫಿ ಕೊಡಬೇಕು ಅಂತಿದೆ. ಮತ್ತೆ ಡನೆಟ್ ಹೆಡ್. ಎಲ್ಲರೂ ಜಾನ್ ಓ ಗ್ರೋಟ್ಸ್‌ನ ಕಂಬದ ಹತ್ತಿರ ಫೋಟೋ ತೆಗೆಸಿಕೊಳ್ಳುತ್ತಾರೆ. ಬ್ರಿಟನ್ನಿನ ಮುಖ್ಯಭೂಮಿಯ ಉತ್ತರದ ತುದಿ ಮಾತ್ರ ಡನೆಟ್ ಹೆಡ್.

ಡಿಕ್ಕಿ ಚಿಕ್ಕದು, ಅದರಲ್ಲೂ ಸ್ಟೆಪ್ನಿ ಅಲ್ಲೇ ಮಲಗಿರುತ್ತದೆ. ಸುತ್ತಿಗೆ, ಜಾಕು, ಡಿಸ್ಟ್ರಿಬ್ಯೂಟರ್ ಕ್ಯಾಪು, ರೋಟರ್, ಕಂಡೆನ್ಸರ್, ಪಾಯಿಂಟ್ಸ್, ಫ್ಯಾನ್ ಬೆಲ್ಟು, ರೇಡಿಯೇಟರಿನ ಎರಡು ಪೈಪು, ಥ್ರಾಟಲ್ ಕೇಬಲ್, 20ಡಬ್ಲ್ಯೂ50 ಆಯಿಲ್ ಎರಡು ಲೀಟರ್ ಇಟ್ಟ ಮೇಲೆ ಉಳಿಯುವ ಜಾಗ ಎರಡು ಮೆತ್ತನೆ ಚೀಲಕ್ಕೆ. ಅಪ್ಪನ ಸೂಟ್‌ಕೇಸ್ ಹಿಡಿಯುವುದಿಲ್ಲ ಅಂತ ಹೇಳಿದ್ದೇನೆ. ಕಂಬಳಿ ತರಲಾ ಅಂತ ಕೇಳಿದರು. ತನ್ನಿ ಅಂದೆ. ಬಟ್ಟೆ ಮಾಡಿನ ಅಂಚಿನಲ್ಲಿ ನೀರು ತೊಟ್ಟಿಕ್ಕುತ್ತದೆ, ಕಾಲ ಮೇಲೆ ಹೊದ್ದುಕೊಳ್ಳಲು ಅದಕ್ಕಿಂತ ಒಳ್ಳೆಯದು ಇಲ್ಲಿ ಸಿಗುವುದಿಲ್ಲ. ಅವಲಕ್ಕಿ, ಚಟ್ನಿಪುಡಿ, ಮಾವಿನಮಿಡಿ ಅಮ್ಮನ ಜವಾಬ್ದಾರಿ. ಅಮ್ಮ ಪ್ರಯಾಣಕ್ಕೆ ಬರುವುದಿಲ್ಲ. ಆಗುಂಬೆ ಎರಡನೇ ತಿರುವಿಗೇ ಲಿಂಬೆಹಣ್ಣು ಮೂಸುವವಳು. ಮೊಮ್ಮಗಳ ಜೊತೆ ಮನೆಯಲ್ಲೇ ಇರುತ್ತೇನೆ ಅಂದಿದ್ದಾಳೆ.

ಒಂದು ಬೇಸರವೂ ಇದೆ. ಇಲ್ಲಿಗೆ ಬಂದವರು ಭಾರತದ ಲೈಸೆನ್ಸಿನಲ್ಲಿ ಹನ್ನೆರಡು ತಿಂಗಳವರೆಗೆ ಓಡಿಸಬಹುದು, ಕಾನೂನು ಅಡ್ಡಿ ಮಾಡುವುದಿಲ್ಲ. ಆದರೆ ಹಳೆಯ ಬಂಡಿಗೆ ವಿಮೆ ಕೊಡುವ ನಾಲ್ಕು ಕಡೆ ಕೇಳಿದೆ, 74ರ ಹೊರದೇಶದ ಚಾಲಕನನ್ನು ಸೇರಿಸಲು ಒಬ್ಬರೂ ಒಪ್ಪಲಿಲ್ಲ. ಮೂರು ದಶಕ ಆಗುಂಬೆ ಘಾಟಿ ಇಳಿದ ಮನುಷ್ಯನ ವಿಷಯದಲ್ಲಿ ಆ ಮಾತು ಕೇಳಿ ನನಗೆ ನಿಜಕ್ಕೂ ನೋವಾಯಿತು. ಅಪ್ಪನಿಗೆ ಹೇಗೆ ಹೇಳುವುದು ಅಂತ ಎರಡು ದಿನ ತಡೆದೆ. ಕೊನೆಗೆ ಹೇಳಿದಾಗ, "ನನ್ನ ಎಡಕ್ಕೆ ಇಷ್ಟು ವರ್ಷ ಎಷ್ಟೋ ಜನ ಕೂತಿದ್ರು. ಎಡಗಡೆಯಿಂದ ಘಾಟಿ ಹೆಂಗೆ ಕಾಣ್ತದೆ ಅಂತ ನಾನೂ ನೋಡ್ಬೇಕಲ್ಲ" ಅಂದರು.

ಭಾನುವಾರ ಟ್ಯಾಪೆಟ್ ಕೆಲಸ ಮಾಡಿದೆ. ಫೋನನ್ನು ಮುಂದಿನ ಮಡ್‌ಗಾರ್ಡಿನ ಮೇಲೆ ಒರಗಿಸಿಟ್ಟು ಅಪ್ಪನನ್ನು ಜೊತೆಗೆ ಕೂರಿಸಿಕೊಂಡೆ. ಈ ಎಂಜಿನ್ನಿಗೆ ಎಂಟು ವಾಲ್ವು, ರೇಡಿಯೇಟರಿನ ಕಡೆಯಿಂದ ಒಂದರಿಂದ ಎಂಟು. ಎಂಟನೆಯದು ಪೂರ್ತಿ ಒತ್ತಿಕೊಂಡಿರುವಾಗ ಒಂದನೆಯದನ್ನು ಅಳೆಯಬೇಕು. ಆರು ಒತ್ತಿದಾಗ ಮೂರು, ನಾಲ್ಕು ಒತ್ತಿದಾಗ ಐದು, ಏಳು ಒತ್ತಿದಾಗ ಎರಡು. ಎರಡೂ ಕೂಡಿದರೆ ಯಾವಾಗಲೂ ಒಂಬತ್ತು. ನನಗೆ ಕೂಡುವ ಲೆಕ್ಕ ಬಂದದ್ದೇ ಹೀಗೆ, ಅಂಬಾಸಡರ್‌ನ ಬಂಪರ್ ಮೇಲೆ ನಿಂತು. ಅಪ್ಪ "ಮೂರು" ಅನ್ನುವರು, ನಾನು "ಆರು" ಅನ್ನುವೆ. ಭಾನುವಾರವೂ ಹಾಗೇ ನಡೆಯಿತು. ಹದಿನೈದು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಗೇಜಿನ ಹಾಳೆ ತೂರಿಸಿದಾಗ ಎಣ್ಣೆ ಹಚ್ಚಿದ ಕಾಗದದ ನಡುವೆ ಎಳೆದ ಹಾಗೆ ಸ್ವಲ್ಪ ತಡೆದು ಬರಬೇಕು. ಏಳನೆಯದು ಸಡಿಲವಿತ್ತು. ಲಾಕ್‌ನಟ್ ಸಡಿಲಿಸಿ, ಸ್ಕ್ರೂಡ್ರೈವರ್ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಬಿಗಿದೆ.

ಆಮೇಲೆ ಕಾರ್ಬ್ಯುರೇಟರುಗಳು. ಅವೂ ಎಸ್‌ಯುವಿನವೇ. ಅವುಗಳ ಗಂಟೆಯಂಥ ಮುಚ್ಚಳದ ಮೇಲಿನ ಕಪ್ಪು ಬಿರಡೆ ತಿರುಗಿಸಿ ತೆಗೆದು, ಡ್ಯಾಶ್‌ಪಾಟ್ ಅನ್ನುವ ಒಳಗಿನ ಕೊಳವೆಗೆ ಆಯಿಲ್ ಬಿಟ್ಟೆ. ಕೆಳಗಿನ ಸಣ್ಣ ಪಿನ್ನನ್ನು ಬೆರಳಲ್ಲಿ ಮೇಲಕ್ಕೆ ಒತ್ತಿ ಪಿಸ್ಟನ್ ಎತ್ತಿ ಬಿಟ್ಟರೆ ಅದು ತಡೆಯಿಲ್ಲದೆ ಬಿದ್ದು ಟಕ್ ಅನ್ನಬೇಕು. ಮುಂದಿನದು ಟಕ್ ಅಂತು. ಹಿಂದಿನದರ ಸದ್ದು ಮಂಕಾಗಿತ್ತು. ಅಪ್ಪ ಅಲ್ಲಿಂದಲೇ, "ಅದನ್ನ ಬಿಚ್ಚು, ಒಳಗೆ ಒರೆಸು, ಸೂಜಿ ಬಗ್ಗಿಸ್ಬೇಡ" ಅಂದರು. ಬಿಚ್ಚಿ ಒರೆಸಿ ಕೂರಿಸಿದೆ. ಎರಡನೇ ಸಲ ಟಕ್ ಅಂದದ್ದು ಸುಮಾರು ಎಂಟು ಸಾವಿರ ಕಿಲೋಮೀಟರ್ ಆಚೆ ಅವರಿಗೂ ಕೇಳಿಸಿತು. ಅವರ ಹತ್ತಿರ ಹಳೆಯ ಫೀಲರ್ ಗೇಜ್ ಒಂದಿದೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದಾರೆ. ಅದನ್ನು ತರುತ್ತಾರಂತೆ.

ಉಳಿದಿರುವುದು ಕೆಲವೇ ಕೆಲಸ. ಕಾನೂನು ಪ್ರಕಾರ ನಲವತ್ತು ವರ್ಷ ದಾಟಿದ ಬಂಡಿಗೆ ಎಂಒಟಿ ಅನ್ನುವ ವಾರ್ಷಿಕ ಸುರಕ್ಷತಾ ಪರೀಕ್ಷೆ ಬೇಕಿಲ್ಲ, ಆದರೂ ಏಪ್ರಿಲ್‌ನಲ್ಲಿ ಮಾಡಿಸುತ್ತೇನೆ. ಮುಂದಿನ ಚಕ್ರಗಳು ಎಡಬಲಕ್ಕೆ ತಿರುಗುವ ಕಿಂಗ್‌ಪಿನ್ನುಗಳಿಗೆ ಗ್ರೀಸ್ ಹೊಡೆಯಬೇಕು. ಟಂಗ್‌ನಲ್ಲಿ ನೆಲಮಹಡಿಯ ರೂಮು ಇನ್ನೂ ಸಿಕ್ಕಿಲ್ಲ.

ಮತ್ತೆ ಸೀಟು. ಎಂಜಿಬಿಯ ಸೀಟು ಬಹಳ ಕೆಳಗೆ, ನೆಲದಿಂದ ಒಂದು ಮೊಳವೂ ಇಲ್ಲ. ಅಪ್ಪನ ಸೊಂಟದ ಚಿಂತೆ ನನಗಿತ್ತು, ದಪ್ಪನೆಯ ದಿಂಬು ಹೊಲಿಸಲಾ ಅಂತ ನಿನ್ನೆ ಅಮ್ಮನನ್ನು ಕೇಳಿದೆ. ಬೇಡ ಅಂದಳು. ಹದಿನೈದು ದಿನದಿಂದ ಬೆಳಿಗ್ಗೆ ಕಾಫಿಗೆ ಅಪ್ಪ ಕುರ್ಚಿಯಲ್ಲಿ ಕೂರುತ್ತಿಲ್ಲವಂತೆ. ಅಡುಗೆಮನೆಯ ಮಣೆ ಜಗಲಿಗೆ ತಂದು, ಅದರ ಮೇಲೆ ಕಾಲು ಮುಂದೆ ಚಾಚಿ ಕೂತು, ಕಾಫಿ ಮುಗಿಸಿ, ನೆಲಕ್ಕೆ ಕೈ ಊರದೆ ಏಳುತ್ತಾರಂತೆ.